ಬೈಂಡ್ ಬಿಚ್ಚಿ ನೋಡಿದರೆ

ಹೋದ ವರ್ಷ ಜುಲೈನಲ್ಲಿ ಅಕ್ಕನ ಸಂಸಾರ ನ್ಯೂಜೆರ್ಸಿಯಿಂದ ಊರಿಗೆ ಹೊರಟಿತ್ತು. ದಾರಿಯಲ್ಲಿ ಫ್ರಾಂಕ್‌ಫರ್ಟಿನ ನಮ್ಮ ಮನೆಯಲ್ಲಿ ನಾಲ್ಕು ದಿನ ಇಳಿದುಕೊಂಡರು. ಅಕ್ಕನ ಸೂಟ್‌ಕೇಸಿನ ತುಂಬ ಬಾದಾಮಿ, ಚಾಕೊಲೇಟು, ಊರವರಿಗೆಲ್ಲ ವಿಟಮಿನ್ ಗುಳಿಗೆ. ಅವಳ ಮಗಳ ಬ್ಯಾಗಿನ ತುಂಬ ಪುಸ್ತಕ. ನನ್ನ ಮಗಳಿಗೆ ಹದಿನೈದು, ಅವಳಿಗೆ ಹದಿನಾರು. ಮೊದಲ ಸಂಜೆ ಇಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ನಾನು ದೋಸೆಗೆ ಕಾವಲಿ ಇಡುವ ಹೊತ್ತಿಗೆ ಊಟದ ಮೇಜಿನ ಮೇಲೆ ಪುಸ್ತಕದ ಸಂತೆ ಹರಡಿಕೊಂಡು ಜಗಳ ಆಡುತ್ತಿದ್ದರು. ನನಗೆ ಸಮಾಧಾನವಾಯಿತು. ಜಗಳ ಶುರುವಾಯಿತು ಅಂದರೆ ನೆಂಟಸ್ತಿಕೆ ಕುದುರಿತು ಅಂತಲೇ ಲೆಕ್ಕ.

ಜಗಳ 'ದಿ ಹಂಗರ್ ಗೇಮ್ಸ್' ಕಾದಂಬರಿಯದ್ದು. ಕತೆಯ ಬಗ್ಗೆ ಅಲ್ಲ, ಮುಖಪುಟದ ಬಗ್ಗೆ. ಅಕ್ಕನ ಮಗಳ ಕೈಯಲ್ಲಿದ್ದದ್ದು ಅಮೆರಿಕದ ಪ್ರತಿ. 2008ರಲ್ಲಿ ಸ್ಕೊಲಾಸ್ಟಿಕ್ ತಂದದ್ದು, ಟಿಮ್ ಒಬ್ರಯನ್ ಬರೆದ ಚಿತ್ರ. ಕಪ್ಪು ಹಿನ್ನೆಲೆಯಲ್ಲಿ ಚಿನ್ನದ ಬಣ್ಣದ ಒಂದು ಬಿಲ್ಲೆ, ಬಿಲ್ಲೆಯೊಳಗೆ ಬಾಣ ಹಿಡಿದ ಹಕ್ಕಿ. ಅಷ್ಟೇ. ಮನುಷ್ಯರ ಸುಳಿವೇ ಇಲ್ಲ. ನನ್ನ ಮಗಳ ಹತ್ತಿರ ಇದ್ದದ್ದು ಜರ್ಮನ್ ಪ್ರತಿ. ಅದರ ಮೇಲೆ ಎಲೆಗಳ ಮರೆಯಿಂದ ನೋಡುವ ಹುಡುಗಿಯ ಮುಖ. ಹೆಸರೂ ಬೇರೆ. 'ಪಾನೆಮ್‌ಗೆ ಕಪ್ಪವಾಗಿ ಹೋದವರು: ಸಾವಿನ ಆಟಗಳು' ಅಂತ ಕನ್ನಡಿಸಬಹುದೇನೋ, ಪಾನೆಮ್ ಅಂದರೆ ಕತೆಯೊಳಗಿನ ದೇಶ. ಎರಡನೆಯ ಭಾಗಕ್ಕೆ ಇಂಗ್ಲಿಷಿನಲ್ಲಿ ಬೆಂಕಿ ಹೊತ್ತಿಕೊಳ್ಳುವ ಹೆಸರಿದ್ದರೆ ಜರ್ಮನಿಯಲ್ಲಿ ಅದು 'ಅಪಾಯದ ಪ್ರೀತಿ' ಆಗಿದೆ. ಅದೇ ಕತೆ, ಅದೇ ಹುಡುಗಿ, ಅದೇ ಬಿಲ್ಲು ಬಾಣ. ಅಲ್ಲಿ ದಂಗೆಯ ಪುಸ್ತಕ, ಇಲ್ಲಿ ಪ್ರೇಮದ ಪುಸ್ತಕ.

"ಮಾಮ, ನೀವೇ ಹೇಳಿ, ಯಾವುದು ಚೆನ್ನಾಗಿದೆ?" ಎಂದು ಅಕ್ಕನ ಮಗಳು ನ್ಯಾಯಕ್ಕೆ ಕರೆದಳು. ನಾನು ಸೌಟು ಕೈಯಲ್ಲಿ ಹಿಡಿದೇ, ಒಂದು ಕ್ಷಣವೂ ಯೋಚಿಸದೆ, ಕಪ್ಪು ಪುಸ್ತಕದ ಕಡೆ ಕೈ ತೋರಿಸಿದೆ. ಮಗಳು ಮುಖ ಊದಿಸಿಕೊಂಡಳು. ಹಕ್ಕಿಯ ಬಿಲ್ಲೆ ಗಂಭೀರ, ಹುಡುಗಿಯ ಮುಖ ಅಗ್ಗ. ಅವತ್ತಿಗೆ ನನ್ನ ರುಚಿ ಇಷ್ಟೇ ಇದ್ದದ್ದು. ಆ ತೀರ್ಪನ್ನು ಈಗ ಪೂರ್ತಿ ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ಅದರಲ್ಲಿ ನಾನು ನೋಡದೇ ಬಿಟ್ಟ ಸಂಗತಿ ಒಂದಿತ್ತು. ಈ ಬರಹ ಅದರದ್ದು.

ಒಂದೇ ಪುಸ್ತಕಕ್ಕೆ ದೇಶಕ್ಕೊಂದು ಅಂಗಿ ಯಾಕೆ ಅಂದರೆ, ವ್ಯಾಪಾರ. ಒಂದು ಕಾದಂಬರಿಯ ಹಕ್ಕು ಮಾರಾಟವಾಗುವುದು ಭಾಷೆ ಮತ್ತು ಪ್ರದೇಶದ ಲೆಕ್ಕದಲ್ಲಿ. ಬ್ರಿಟನ್ನಿಗೊಬ್ಬ ಪ್ರಕಾಶಕ, ಅಮೆರಿಕಕ್ಕೊಬ್ಬ, ಜರ್ಮನ್ನಿಗೊಬ್ಬ. ಕೊಂಡದ್ದು ಬರಹದ ಹಕ್ಕು, ಚಿತ್ರದ್ದಲ್ಲ. ಮೂಲದ ಮುಖಪುಟವೇ ಬೇಕಿದ್ದರೆ ಅದಕ್ಕೆ ಬೇರೆ ದುಡ್ಡು, ಬೇರೆ ಕರಾರು. ಹಾಗಾಗಿ ಬಹಳ ಜನ ತಮ್ಮ ಊರಿನ ಕಲಾವಿದರನ್ನು ಕರೆದು, ತಮ್ಮ ಅಂಗಡಿಯ ಗಿರಾಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಹೊಸದಾಗಿ ಬರೆಸುತ್ತಾರೆ. ಮುಖಪುಟ ನೋಡಿದರೆ ಕತೆ ಏನು ಅಂತ ಗೊತ್ತಾಗದೇ ಹೋಗಬಹುದು. ಆ ದೇಶದ ಪ್ರಕಾಶಕ ಯಾರನ್ನು ಓದುಗ ಎಂದುಕೊಂಡಿದ್ದಾನೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಹ್ಯಾರಿ ಪಾಟರನ್ನೇ ನೋಡಿ. 1997ರ ಜೂನ್ 26ರಂದು ಬ್ಲೂಮ್ಸ್‌ಬರಿಯಿಂದ ಮೊದಲ ಪುಸ್ತಕ ಬಂದಾಗ ರಟ್ಟಿನ ಬೈಂಡಿನ ಪ್ರತಿ ಅಚ್ಚಾಗಿದ್ದು 500. ಮುಖಪುಟ ಬರೆದ ಥಾಮಸ್ ಟೇಲರ್‌ಗೆ ಆಗ 23 ವರ್ಷ. ಕೇಂಬ್ರಿಜ್‌ನ ಮಕ್ಕಳ ಪುಸ್ತಕದಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗ, ವೃತ್ತಿಯಲ್ಲಿ ಅವನಿಗೆ ಸಿಕ್ಕ ಮೊದಲ ಚಿತ್ರ ಅದು. ಕೆಂಪು ಉಗಿಬಂಡಿ, ಪ್ಲಾಟ್‌ಫಾರಂ ಮೇಲೆ ಪೆಚ್ಚುಮೋರೆ ಹಾಕಿಕೊಂಡು ನಿಂತ ಕನ್ನಡಕದ ಹುಡುಗ. ಮಾಟಮಂತ್ರದ ಕತೆಗೆ ರೈಲ್ವೆ ಸ್ಟೇಷನ್ನಿನ ಚಿತ್ರ! ಬ್ರಿಟಿಷರಿಗೆ ಅದು ಸರಿಯಾಗಿಯೇ ತಾಗಿರಬೇಕು. ಬೋರ್ಡಿಂಗ್ ಸ್ಕೂಲಿಗೆ ರೈಲು ಹತ್ತುವ ಹುಡುಗನ ಕತೆ ಅವರ ಮಕ್ಕಳ ಸಾಹಿತ್ಯದಲ್ಲಿ ಮೊದಲಿಂದಲೂ ಇದೆ. ಆ ಜಲವರ್ಣದ ಮೂಲ ಚಿತ್ರ 2024ರ ಜೂನ್‌ನಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ 19 ಲಕ್ಷ ಡಾಲರಿಗೆ ಹೋಯಿತು.

ಬ್ರಿಟನ್ನಿನಲ್ಲಿ 'ಹ್ಯಾರಿ ಪಾಟರ್ ಮತ್ತು ತತ್ವಜ್ಞಾನಿಯ ಕಲ್ಲು' ಆಗಿದ್ದದ್ದು ಮರುವರ್ಷ ಅಮೆರಿಕಕ್ಕೆ ಹೋದಾಗ ಹೆಸರಿನಲ್ಲಿದ್ದ 'ತತ್ವಜ್ಞಾನಿ' ಹೋಗಿ 'ಮಾಂತ್ರಿಕ' ಬಂದ. ಮೇರಿ ಗ್ರಾನ್‌ಪ್ರೇ ಬರೆದ ಮುಖಪುಟದಲ್ಲಿ ರೈಲಿಲ್ಲ, ಹುಡುಗ ಪೊರಕೆ ಏರಿ ಹಾರುತ್ತಾ ಚಿನ್ನದ ಚೆಂಡಿಗೆ ಕೈ ಚಾಚಿದ್ದಾನೆ. ಹೆಸರಿನ ಅಕ್ಷರದ ಬಾಲಕ್ಕೆ ಸಿಡಿಲಿನ ಗೆರೆ ಬಂದದ್ದೂ ಅಲ್ಲಿಯೇ. ಬ್ರಿಟನ್ನಿನ ಹುಡುಗ ಕಾಯುತ್ತಾನೆ, ಅಮೆರಿಕದವನು ಗೆಲ್ಲಲು ಹೊರಟಿದ್ದಾನೆ. ಇದನ್ನು ರಾಷ್ಟ್ರೀಯ ಸ್ವಭಾವ ಅಂತೆಲ್ಲ ಎಳೆಯಲು ನನಗೆ ಇಷ್ಟವಿಲ್ಲ. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟರೆ ಹಾಗೆ ಅನ್ನಿಸುವುದು ನಿಜ. ಫ್ರಾನ್ಸಿಗೆ ಹೋದಾಗ ಕಲ್ಲೂ ಹೋಯಿತು, ತತ್ವಜ್ಞಾನಿಯೂ ಹೋದ. ಹೆಸರು 'ಹ್ಯಾರಿ ಪಾಟರ್ ಮಾಂತ್ರಿಕರ ಶಾಲೆಯಲ್ಲಿ' ಎಂದಾಯಿತು. ಇಟಲಿಯ ಮೊದಲ ಪ್ರತಿಯ ಹ್ಯಾರಿಗೆ ಕನ್ನಡಕವೇ ಇಲ್ಲ! ತಲೆ ಮೇಲೆ ಇಲಿಯ ಟೋಪಿ ಬೇರೆ. ಕನ್ನಡಕ ಆಮೇಲೆ ಬಂತು. ಜರ್ಮನಿಯಲ್ಲಿ ಕಾರ್ಲ್‌ಸೆನ್ ಪ್ರಕಾಶನಕ್ಕೆ ಜಬೀನೆ ವಿಲ್‌ಹಾರ್ಮ್ ಬರೆದ ಹ್ಯಾರಿ ಚೂಪು ಮೂಗಿನ, ಕೆದರಿದ ಕೂದಲಿನ, ವ್ಯಂಗ್ಯಚಿತ್ರದಿಂದ ಎದ್ದು ಬಂದ ಹುಡುಗ. ಮುದ್ದು ಅನ್ನುವ ಮಾತೇ ಇಲ್ಲ. ಮೊದಲು ನೋಡಿದಾಗ ನನಗೆ ಒಗ್ಗಲಿಲ್ಲ. ಈಗ ಹನ್ನೊಂದು ವರ್ಷ ಈ ದೇಶದಲ್ಲಿದ್ದ ಮೇಲೆ, ಎಲ್ಲರಿಗಿಂತ ಅನಾಥ ಹುಡುಗನ ಹಾಗೆ ಕಾಣುವವನು ಇವನೇ ಅನ್ನಿಸುತ್ತದೆ.

ಬ್ರಿಟನ್ನಿನಲ್ಲಿ ಇನ್ನೂ ಒಂದು ತಮಾಷೆ ನಡೆಯಿತು. ದೊಡ್ಡವರೂ ಈ ಪುಸ್ತಕ ಓದುತ್ತಿದ್ದಾರೆ, ಆದರೆ ರೈಲಿನಲ್ಲಿ ಕೂತು ಮಕ್ಕಳ ಚಿತ್ರವಿರುವ ಪುಸ್ತಕ ಹಿಡಿಯಲು ಸಂಕೋಚಪಡುತ್ತಿದ್ದಾರೆ ಅಂತ ಗೊತ್ತಾಗಿ ಬ್ಲೂಮ್ಸ್‌ಬರಿಯವರು ಕಪ್ಪುಬಿಳುಪು ಫೋಟೊ ಹಾಕಿದ 'ವಯಸ್ಕರ ಆವೃತ್ತಿ'ಯನ್ನೇ ತಂದರು. ಒಳಗೆ ಒಂದಕ್ಷರವೂ ಬದಲಾಗಿಲ್ಲ. ಕೋಟು ಟೈ ಹಾಕಿದವನ ಮರ್ಯಾದೆ ಉಳಿಯಿತು. ಮಾರ್ಕ್ ಹ್ಯಾಡನ್‌ರ ನಾಯಿಯ ಕೊಲೆಯ ಕಾದಂಬರಿ 2003ರಲ್ಲಿ ಬಂದಾಗಲಂತೂ ಮೊದಲ ದಿನವೇ ದೊಡ್ಡವರಿಗೊಂದು, ಮಕ್ಕಳಿಗೊಂದು ಅಂತ ಎರಡು ಪ್ರಕಾಶನದಿಂದ ಎರಡು ಪ್ರತಿ ಹೊರಬಂದವು.

ಇದನ್ನು ಕೇಳಿ ನಗುವ ಮೊದಲು ನಮ್ಮ ಮನೆಯ ಕತೆಯನ್ನೂ ಹೇಳಬೇಕು. ಶಿವಮೊಗ್ಗದಲ್ಲಿ ನಾನು ಕಾದಂಬರಿ ಓದಲು ಕಲಿತದ್ದು ಬಾಡಿಗೆ ಲೈಬ್ರರಿಯಿಂದ. ನಮ್ಮ ಬೀದಿಯ ತುದಿಯಲ್ಲಿ ಒಂದು ಚಿಕ್ಕ ಅಂಗಡಿ. ಯಜಮಾನರು ಹೊಸ ಪುಸ್ತಕ ಬಂದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸ ಅಂದರೆ ಮುಖಪುಟ ಕಿತ್ತು, ರಟ್ಟು ಕೂರಿಸಿ, ಕ್ಯಾಲಿಕೋ ಬಟ್ಟೆ ಅಂಟಿಸಿ ಬೈಂಡ್ ಮಾಡಿಸುವುದು. ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ ಒಂದು ನಂಬರು. ಸಾಯಿಸುತೆ, ಯಂಡಮೂರಿ, ತ್ರಿವೇಣಿ ಎಲ್ಲರೂ ಒಂದೇ ಸಮವಸ್ತ್ರದಲ್ಲಿ ನಿಂತಿರುತ್ತಿದ್ದರು. ಮನೆಗೆ ತಂದ ಮೇಲೆ ಅದರ ಮೇಲೆ ಇನ್ನೊಂದು ಬ್ರೌನ್ ಪೇಪರ್, ಅದಕ್ಕೆ 'ಸಮಾಜ ವಿಜ್ಞಾನ' ಅಂತ ಲೇಬಲ್. ಆ ಲೇಬಲ್ ನನ್ನ ಅಕ್ಕನ ಕೈಚಳಕ. ಅಮ್ಮನಿಗೆ ಗೊತ್ತಿರಲಿಲ್ಲ ಅಂತ ನಾವಂದುಕೊಂಡಿದ್ದೆವು. ಈಚೆಗೆ ಕೇಳಿದೆ. "ಸಮಾಜ ವಿಜ್ಞಾನ ಓದ್ತಾ ಯಾರಾದ್ರೂ ಮೂಗು ಒರೆಸ್ಕೊಂಡು ಅಳ್ತಾರೇನೋ" ಅಂದಳು.

ಅಂದರೆ ನಾನು ಬೆಳೆದದ್ದೇ ಮುಖಪುಟ ಇಲ್ಲದ ಪುಸ್ತಕಗಳ ಜೊತೆ. ಲಂಡನ್ನಿನ ರೈಲಿನಲ್ಲಿ ಕೂತವನ ಸಂಕೋಚ ನನಗೆ ಹೊಸದೇನಲ್ಲ. ಜಪಾನಿನಲ್ಲಿ ಇದು ಒಂದು ಪದ್ಧತಿಯೇ ಆಗಿದೆ. ಅಲ್ಲಿ ಅಂಗಡಿಯಲ್ಲಿ ಪುಸ್ತಕ ಕೊಂಡರೆ ಗಲ್ಲಾದ ಹತ್ತಿರವೇ ಕಾಗದದ ಹೊದಿಕೆ ಬೇಕೇ ಎಂದು ಕೇಳಿ ಚೊಕ್ಕವಾಗಿ ಬೈಂಡ್ ಹಾಕಿ ಕೊಡುತ್ತಾರೆ. ಕಚೇರಿ ಕೆಲಸಕ್ಕೆ ಟೋಕಿಯೊಗೆ ಹೋದಾಗ ನಾನೂ ಹಾಕಿಸಿಕೊಂಡು ಬಂದೆ. ಮಡಿಕೆ ಹಾಕಿದ ರೀತಿ ನೋಡಿದರೆ ಜೂನ್ ತಿಂಗಳಲ್ಲಿ ನಮ್ಮಪ್ಪ ನೆಲದ ಮೇಲೆ ಕೂತು ಹಾಕುತ್ತಿದ್ದ ಬೈಂಡೇ. ಮೂಲೆ ಮಾತ್ರ ಅವರದ್ದು ಇನ್ನೂ ಚೂಪು. ವಿಚಿತ್ರ ಅಂದರೆ, ಒಳಗಿನ ಮುಖಪುಟಕ್ಕೆ ಅಷ್ಟು ಶ್ರಮ ಪಡುವವರೂ ಅವರೇ. ಅಮೆರಿಕದಲ್ಲಿ ಕಪ್ಪು ಹಿನ್ನೆಲೆ, ಬಿಳಿಚಿದ ಎರಡು ಕೈ, ಒಂದು ಕೆಂಪು ಸೇಬು, ಇಷ್ಟರಲ್ಲೇ ಮುಗಿದ 2005ರ 'ಟ್ವೈಲೈಟ್' ಜಪಾನಿನಲ್ಲಿ ಮಂಗಾ ಶೈಲಿಯ ಹುಡುಗ ಹುಡುಗಿಯರ ಚಿತ್ರ ಹೊತ್ತು, ಒಂದೊಂದು ಪುಸ್ತಕವೂ ಹಲವು ಪುಟ್ಟ ಸಂಪುಟಗಳಾಗಿ ಒಡೆದು ಬಂತು. ಒಳಗೆ ಅಷ್ಟೆಲ್ಲ ಬಣ್ಣ, ಹೊರಗೆ ಖಾಕಿ ಕಾಗದ.

ಆ ಸೇಬಿನ ಕತೆ ಅಲ್ಲಿಗೆ ಮುಗಿಯಲಿಲ್ಲ. ಕಪ್ಪು, ಬಿಳಿ, ಕೆಂಪು, ನಡುವೆ ಒಂದೇ ಒಂದು ವಸ್ತು. ಈ ಸೂತ್ರ ಓಡಿದ ಓಟಕ್ಕೆ ಹಳೆಯ ಎಮಿಲಿ ಬ್ರಾಂಟೆಯ 'ವುದರಿಂಗ್ ಹೈಟ್ಸ್' ಕೂಡ 2009ರಲ್ಲಿ ಅದೇ ವೇಷ ತೊಟ್ಟು, ಮೇಲೆ 'ಬೆಲ್ಲಾ ಮತ್ತು ಎಡ್ವರ್ಡ್‌ರ ಮೆಚ್ಚಿನ ಪುಸ್ತಕ' ಎಂಬ ಮಾತನ್ನೂ ಹೊತ್ತು ಅಂಗಡಿಗೆ ಬಂತು. 1847ರ ಪುಸ್ತಕಕ್ಕೆ 2005ರ 'ಟ್ವೈಲೈಟ್' ಪಾತ್ರಗಳ ಶಿಫಾರಸು. ಅಜ್ಜಿಗೆ ಮೊಮ್ಮಗಳ ಲಂಗ ತೊಡಿಸಿದ ಹಾಗೆ. ಬ್ರಾಂಟೆಗೆ ಅದರಿಂದ ನಷ್ಟವೇನೂ ಆಗಲಿಲ್ಲ ಬಿಡಿ.

ನನಗೆ ಬಹಳ ಇಷ್ಟವಾದ ಹೋಲಿಕೆ ಮಾರ್ಕಸ್ ಝೂಸಾಕ್‌ರ 'ದಿ ಬುಕ್ ಥೀಫ್'ದು. ಯುದ್ಧಕಾಲದ ಜರ್ಮನಿ, ಮ್ಯೂನಿಕ್ ಹತ್ತಿರದ ಒಂದು ಕಲ್ಪಿತ ಊರು, ಪುಸ್ತಕ ಕದಿಯುವ ಹುಡುಗಿ. ಕತೆ ಹೇಳುವವನು ಸಾಕ್ಷಾತ್ ಸಾವು. ಲೇಖಕನ ತವರಾದ ಆಸ್ಟ್ರೇಲಿಯಾದಲ್ಲಿ ದೊಡ್ಡವರ ಕಾದಂಬರಿ ಅಂತಲೇ 2005ರಲ್ಲಿ ಬಂದದ್ದು, ಮರುವರ್ಷ ಅಮೆರಿಕದಲ್ಲಿ ಹದಿಹರೆಯದವರ ಕಪಾಟಿಗೆ ಸೇರಿತು. ಅಮೆರಿಕದ ಮುಖಪುಟದಲ್ಲಿ ಸಾಲಾಗಿ ನಿಲ್ಲಿಸಿದ ಡಾಮಿನೊ ಬಿಲ್ಲೆಗಳು, ಮೊದಲನೆಯದನ್ನು ಇನ್ನೇನು ತಳ್ಳಲಿರುವ ಒಂದು ಬೆರಳು. ಬ್ರಿಟನ್ನಿನ ಪೇಪರ್‌ಬ್ಯಾಕಿನಲ್ಲಿ ಪುಟ್ಟ ಹುಡುಗಿ ಅಸ್ಥಿಪಂಜರದ ಕೈ ಹಿಡಿದು ಕುಣಿಯುತ್ತಿದ್ದಾಳೆ. ಎರಡೂ ನಮ್ಮ ಮನೆಯಲ್ಲಿವೆ. ಒಂದು ನಾನು ವಿಮಾನ ನಿಲ್ದಾಣದಲ್ಲಿ ಕೊಂಡದ್ದು, ಇನ್ನೊಂದು ಅವತ್ತು ಅಕ್ಕನ ಮಗಳು ಬಿಟ್ಟುಹೋದದ್ದು.

ಡಾಮಿನೊ ಚಿತ್ರ ಜಾಣತನದ್ದು. ಕತೆಯೊಳಗೆ ಮಕ್ಕಳು ಒಂದು ಕೋಣೆಯಲ್ಲಿ ಡಾಮಿನೊ ಜೋಡಿಸುತ್ತಾ ಇರುತ್ತಾರೆ, ಪಕ್ಕದ ಅಡುಗೆಮನೆಯಲ್ಲಿ ಸರ್ಕಾರದ ಕಡೆಯವರು ಬಂದು ಆ ಮನೆಯ ಹುಡುಗನನ್ನು ಕಳಿಸಿಕೊಡಿ ಅಂತ ತಂದೆತಾಯಿಯ ಎದುರು ಕೂತಿರುತ್ತಾರೆ. ಅದನ್ನು ಓದಿ ಮುಗಿಸಿ ಪುಸ್ತಕ ಮುಚ್ಚಿದರೆ ಮುಖಪುಟದ ಬೆರಳು ಬೇರೆಯೇ ಆಗಿ ಕಾಣುತ್ತದೆ. ಆದರೆ ಓದುವ ಮುಂಚೆ? ಗಣಿತದ ಪುಸ್ತಕ ಅಂದುಕೊಳ್ಳಬಹುದು. ಸಾವಿನ ಜೊತೆ ಕುಣಿಯುವ ಹುಡುಗಿಗೆ ಆ ಗೊಂದಲವಿಲ್ಲ. ನೋಡಿದ ತಕ್ಷಣ ಎದೆಗೆ ಬಡಿಯುತ್ತದೆ. ಯುರೋಪಿನ ಹಳೆಯ ಚರ್ಚುಗಳ ಗೋಡೆಯ ಮೇಲೆ ಅಸ್ಥಿಪಂಜರ ರಾಜನನ್ನೂ ರೈತನನ್ನೂ ಕೈ ಹಿಡಿದು ಕುಣಿಸುವ ಚಿತ್ರಗಳಿವೆ. ಆ ನೆನಪಿರುವ ನೆಲದಲ್ಲಿ ಇದಕ್ಕೆ ವಿವರಣೆ ಬೇಕಿಲ್ಲ. ಮಗಳು ಡಾಮಿನೊ ಪಕ್ಷ. ನಾನು ಅಸ್ಥಿಪಂಜರದ ಪಕ್ಷ. ಗಮನಿಸಿ, ಇಲ್ಲಿ ನಾವಿಬ್ಬರೂ ಪಕ್ಷ ಬದಲಿಸಿದ್ದೆವು.

ಈಗ ನಾನು ನೋಡದೇ ಬಿಟ್ಟ ಸಂಗತಿಗೆ ಬರುತ್ತೇನೆ. ಊಟದ ಮೇಜಿನ ಜಗಳದಲ್ಲಿ ಸೋತ ಮಗಳು ಅವತ್ತು ಸಂಜೆ ಪಾತ್ರೆ ಒರೆಸುತ್ತಾ ಒಂದು ಮಾತು ಹೇಳಿದಳು. "ಅಪ್ಪಾ, ನಿಂಗೆ ಹಕ್ಕಿ ಇಷ್ಟ ಆಗತ್ತೆ ಸರಿ. ಮುಖ ಇರೋ ಪುಸ್ತಕದಲ್ಲಿ ನಮ್ಮಂಥ ಮುಖ ಯಾವತ್ತೂ ಇರಲ್ಲ ಅಲ್ವಾ, ಹಕ್ಕಿ ಆದ್ರೆ ಯಾರಿಗೂ ತೊಂದ್ರೆ ಇಲ್ಲ." ಹೇಳಿ ಲೋಟ ಕಪಾಟಿಗಿಟ್ಟು ಹೋದಳು. ಜಗಳ ಮುಂದುವರಿಸುವ ಉದ್ದೇಶವೂ ಇರಲಿಲ್ಲ ಅವಳಿಗೆ.

ಜಸ್ಟಿನ್ ಲಾರ್ಬಲೆಸ್ಟಿಯರ್ ಎಂಬ ಆಸ್ಟ್ರೇಲಿಯಾದ ಲೇಖಕಿಯ 'ಲಯರ್' ಕಾದಂಬರಿಯ ಪ್ರಸಂಗ ನನಗೆ ಗೊತ್ತಿತ್ತು. ಮಗಳ ಮಾತಿನ ಜೊತೆ ಅದನ್ನು ಜೋಡಿಸಿ ನೋಡಿರಲಿಲ್ಲ, ಅಷ್ಟೆ. ಆ ಕತೆಯ ಹುಡುಗಿ ಕಪ್ಪು ಮೈಬಣ್ಣದವಳು, ಕೂದಲು ಗಿಡ್ಡ, ಹುಡುಗ ಅಂತ ಜನ ತಪ್ಪು ತಿಳಿಯುವಷ್ಟು ಗಿಡ್ಡ. 2009ರಲ್ಲಿ ಅಮೆರಿಕದ ಪ್ರಕಾಶಕರು ಸಿದ್ಧಪಡಿಸಿದ ಮುಖಪುಟದಲ್ಲಿ ಇದ್ದವಳು ಬಿಳಿ ಹುಡುಗಿ. ಉದ್ದನೆಯ ನೇರ ಕೂದಲಿನಿಂದ ಬಾಯಿ ಮುಚ್ಚಿಕೊಂಡವಳು. ಕೇಳಿದ್ದಕ್ಕೆ ಬಂದ ಸಮಜಾಯಿಷಿ ಇನ್ನೂ ಚೆಂದ. ಕತೆ ಹೇಳುವವಳೇ ಸುಳ್ಳಿ, ಹಾಗಾಗಿ ಅವಳು ತನ್ನ ಬಣ್ಣ ಹೇಳಿದ್ದೂ ಸುಳ್ಳಿರಬಹುದು ಅಂತ! ಲೇಖಕಿ ಸುಮ್ಮನಾಗಲಿಲ್ಲ. ಕಪ್ಪು ಮುಖ ಹಾಕಿದರೆ ಪುಸ್ತಕ ಓಡುವುದಿಲ್ಲ ಎಂಬ ಮಾತು ಪ್ರಕಾಶನ ಲೋಕದಲ್ಲಿ ವೇದವಾಕ್ಯದ ಹಾಗೆ ಚಲಾವಣೆಯಲ್ಲಿದೆ, ಅದನ್ನು ಯಾರೂ ಪರೀಕ್ಷಿಸಿಯೇ ನೋಡಿಲ್ಲ ಎಂದು ಬಹಿರಂಗವಾಗಿ ಬರೆದಳು. ಗದ್ದಲವಾಯಿತು. ಪುಸ್ತಕ ಅಂಗಡಿಗೆ ಬರುವ ಮುಂಚೆ ಮುಖಪುಟ ಬದಲಾಗಿ ಕಪ್ಪು ಹುಡುಗಿ ಬಂದಳು. ಕೆಲವೇ ತಿಂಗಳಿಗೆ, 2010ರ ಜನವರಿಯಲ್ಲಿ, ಅದೇ ಪ್ರಕಾಶನದ 'ಮ್ಯಾಜಿಕ್ ಅಂಡರ್ ಗ್ಲಾಸ್' ಎಂಬ ಇನ್ನೊಂದು ಪುಸ್ತಕದಲ್ಲೂ ಇದೇ ತಪ್ಪು, ಇದೇ ಗದ್ದಲ, ಇದೇ ತಿದ್ದುಪಡಿ.

ಇದರಲ್ಲಿ ನನ್ನ ಮನಸ್ಸಿಗೆ ನಾಟಿದ ವಿವರ ಬೇರೆ. ಅದೇ ಕಾದಂಬರಿಯ ಆಸ್ಟ್ರೇಲಿಯಾದ ಪ್ರತಿಯಲ್ಲಿ ಮುಖವೇ ಇರಲಿಲ್ಲ. ಬರೀ ಅಕ್ಷರ. ಪುಸ್ತಕದ ಹೆಸರು, ರಕ್ತದ ಬಣ್ಣ, ಮುಗಿಯಿತು. ಯಾರೂ ತಕರಾರು ಮಾಡಲಿಲ್ಲ, ಮಾಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಲೇಖಕಿಗೂ ಆ ಮುಖಪುಟ ಒಪ್ಪಿಗೆಯಾಗಿತ್ತು. ನನ್ನ ಹಳೆಯ ರುಚಿಗೆ ಅದೇ ಗೆಲ್ಲಬೇಕು, ಈಗಲೂ ವಿನ್ಯಾಸದ ದೃಷ್ಟಿಯಿಂದ ಅದೇ ಚೆಂದ. ಆದರೆ ಅಕ್ಷರದ ಮುಖಪುಟ, ಹಕ್ಕಿಯ ಮುಖಪುಟ, ಸೇಬಿನ ಮುಖಪುಟ ಇವೆಲ್ಲ ಒಂದು ಪ್ರಶ್ನೆಯಿಂದ ನುಣುಚಿಕೊಳ್ಳುವ ದಾರಿಯೂ ಹೌದು. ಕತೆಯ ಹುಡುಗಿ ಹೇಗಿದ್ದಾಳೆ ಅಂತ ತೋರಿಸಬೇಕಾದ ಪ್ರಮೇಯವೇ ಬರುವುದಿಲ್ಲ. ಹಕ್ಕಿಯ ಬಿಲ್ಲೆ ಹೊತ್ತ ಆ ಪುಸ್ತಕದೊಳಗೂ ಹುಡುಗಿಯ ಮೈಬಣ್ಣ ಬಿಳಿ ಅಂತ ಬರೆದಿಲ್ಲ. ಆಲಿವ್ ಬಣ್ಣ, ಕಪ್ಪು ಕೂದಲು ಅಂತಿದೆ. ಪುಸ್ತಕ ಕೈಯಲ್ಲಿ ಹಿಡಿದ ನಾನು ಹಕ್ಕಿಯನ್ನು ಮೆಚ್ಚಿದೆ, ಹುಡುಗಿಯ ಬಗ್ಗೆ ಕೇಳಲೇ ಇಲ್ಲ. ನನಗೆ ಹಾಗೆ ಕೇಳುವ ಅಭ್ಯಾಸವೇ ಇರಲಿಲ್ಲ. ಕ್ಯಾಲಿಕೋ ಬೈಂಡಿನಲ್ಲಿ ಓದಿದವನಿಗೆ ಎಲ್ಲ ಪಾತ್ರಗಳೂ ತನ್ನ ಬೀದಿಯವರೇ. ತ್ರಿವೇಣಿಯ ಹೆಣ್ಣುಮಕ್ಕಳಿಗೆಲ್ಲ ನಮ್ಮ ಪಕ್ಕದ ಮನೆಯ ಟೀಚರ್ ಮುಖ ಕೊಟ್ಟು ಓದಿದವನು ನಾನು. ಮುಖ ಇಲ್ಲದ ಪುಸ್ತಕ ನನಗೆ ತುಂಬಿದ ಮನೆ. ಫ್ರಾಂಕ್‌ಫರ್ಟಿನಲ್ಲಿ ಬೆಳೆದ ಮಗಳಿಗೆ ಹಾಗಲ್ಲ. ಚಿತ್ರ ಇಲ್ಲದ ಕಡೆ ಅವಳ ಮನಸ್ಸು ತಾನಾಗಿ ತನ್ನ ಕ್ಲಾಸಿನ ಬಿಳಿ ಹುಡುಗಿಯರ ಮುಖವನ್ನೇ ತುಂಬಿಕೊಳ್ಳುತ್ತದಂತೆ. ಅವಳೇ ಹೇಳಿದ್ದು.

ಇಲ್ಲಿನ ಅಂಗಡಿಗಳನ್ನು ನೋಡಿದರೆ ಅದರಲ್ಲಿ ಆಶ್ಚರ್ಯವಿಲ್ಲ. ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿಗೆ ಹೋಗಿ ಹದಿಹರೆಯದವರ ಮೇಜಿನ ಎದುರು ನಿಲ್ಲಿ. ಈಗ ಜರ್ಮನಿಯಲ್ಲಿ ಆ ಮೇಜು ನಮ್ಮ ಸಿಹಿತಿಂಡಿ ಅಂಗಡಿಯ ಬರ್ಫಿ ತಟ್ಟೆಯ ಹಾಗಿರುತ್ತದೆ. ತಿಳಿ ಗುಲಾಬಿ, ತಿಳಿ ನೇರಳೆ, ತಿಳಿ ಹಸಿರು. ಮೇಲೆ ಹೂವಿನ ಎಸಳು, ಚಿನ್ನದ ಚುಕ್ಕಿ, ಬಳುಕುವ ಇಂಗ್ಲಿಷ್ ಅಕ್ಷರ. ಒಳಗಿರುವುದು ಜರ್ಮನ್, ಹೊರಗಿನ ಹೆಸರು ಇಂಗ್ಲಿಷ್, ಬರೆದವರು ಎಷ್ಟೋ ಸಲ ಜರ್ಮನ್ನರೇ. ಮೊದಲ ಮುದ್ರಣದ ಪ್ರತಿಗಳಿಗೆ ಹಾಳೆಗಳ ಅಂಚಿಗೂ ಬಣ್ಣ ಬಳಿದು ಚಿತ್ರ ಬಿಡಿಸಿರುತ್ತಾರೆ. ಅದು ಮುಗಿದರೆ ಮುಂದಿನ ಮುದ್ರಣಕ್ಕೆ ಬಿಳಿ ಅಂಚೇ ಗತಿ. ಜರ್ಮನ್ ಪುಸ್ತಕಕ್ಕೆ ಈ ದೇಶದಲ್ಲಿ ಕಾನೂನಿನಿಂದಲೇ ನಿಗದಿ ಬೆಲೆ, ಯಾವ ಅಂಗಡಿಯೂ ಹೊಸ ಪುಸ್ತಕವನ್ನು ರಿಯಾಯಿತಿಗೆ ಮಾರುವಂತಿಲ್ಲ. ಬೆಲೆಯಲ್ಲಿ ಸ್ಪರ್ಧೆ ಇಲ್ಲವೆಂದ ಮೇಲೆ ಅಂದದಲ್ಲಿ ಸ್ಪರ್ಧೆ. ಮಗಳ ಗೆಳತಿಯರು ಬಣ್ಣದ ಅಂಚಿನ ಪ್ರತಿಗೆ ತಿಂಗಳ ಮುಂಚೆ ದುಡ್ಡು ಕಟ್ಟಿ ಕಾಯುತ್ತಾರೆ. ಅವನ್ನು ಬೆನ್ನು ಹೊರಗೆ ಮಾಡಿ ಇಡುವುದಿಲ್ಲ, ಅಂಚು ಹೊರಗೆ ಮಾಡಿ ಇಡುತ್ತಾರೆ. ಯಾವ ಪುಸ್ತಕ ಅಂತ ಗುರುತಿಸುವುದು ಹೇಗೆ ಅಂತ ಕೇಳಿದರೆ ನನ್ನ ಮೇಲೆ ಕನಿಕರ ತೋರಿಸುತ್ತಾರೆ.

ಬೆನ್ನಿನ ವಿಷಯ ಬಂತು ಅಂತ ಒಂದು ಸಣ್ಣ ಗೊಣಗಾಟ. ಇಂಗ್ಲಿಷ್ ಪುಸ್ತಕದ ಬೆನ್ನಿನ ಮೇಲಿನ ಹೆಸರು ಮೇಲಿಂದ ಕೆಳಗೆ ಹರಿಯುತ್ತದೆ, ಜರ್ಮನ್ ಮತ್ತು ಫ್ರೆಂಚ್ ಪುಸ್ತಕಗಳಲ್ಲಿ ಹೆಚ್ಚಾಗಿ ಕೆಳಗಿಂದ ಮೇಲಕ್ಕೆ. ನಮ್ಮ ಮನೆಯ ಕಪಾಟಿನ ಎದುರು ನಿಂತು ಪುಸ್ತಕ ಹುಡುಕುವವರನ್ನು ದೂರದಿಂದ ನೋಡಿದರೆ ಭರತನಾಟ್ಯದ ಕತ್ತಿನ ಅಡವು ಅಭ್ಯಾಸ ಮಾಡುತ್ತಿದ್ದಾರೆ ಅನ್ನಿಸಬೇಕು.

ಕನ್ನಡದಲ್ಲಿ ಏನಿದೆ ಅಂತ ಅಕ್ಕನ ಮಗಳು ಕೇಳಿದ್ದಳು. ಉತ್ತರ ಹೇಳಲು ತಡವರಿಸಿದೆ. ನಮ್ಮಲ್ಲಿ ಮುಖಪುಟ ಬಡವಾಗಿಲ್ಲ. ಕಲಾವಿದ ಅಪಾರ ಅವರು ಛಂದ ಪುಸ್ತಕ ಪ್ರಕಾಶನಕ್ಕೆ ಮಾಡಿದ ಮುಖಪುಟಗಳನ್ನು ಲಂಡನ್ನಿನ ಯಾವ ಅಂಗಡಿಯ ಮೇಜಿನ ಮೇಲಿಟ್ಟರೂ ತಲೆ ತಗ್ಗಿಸಬೇಕಿಲ್ಲ. ನಮ್ಮಲ್ಲಿ ತೆಳ್ಳಗಿರುವುದು ಆ ಕಪಾಟೇ. ಭಾರತ ಭಾರತಿಯ ಪುಟಾಣಿ ಪುಸ್ತಕ ಮುಗಿಸಿದ ಮಗು ನೇರ ದೊಡ್ಡವರ ಕಾದಂಬರಿಗೆ ಹಾರಬೇಕು, ನಡುವೆ ಕಾಲೂರಲು ಮೆಟ್ಟಿಲು ಕಡಿಮೆ. ನಾವು ಹಾಗೆಯೇ ಹಾರಿದವರು, ಬ್ರೌನ್ ಪೇಪರಿನ ಮರೆಯಲ್ಲಿ. ಹದಿನೈದರ ಹುಡುಗಿಯನ್ನು ಓದುಗಳು ಅಂತ ಎದುರಿಗಿಟ್ಟುಕೊಂಡು ಮುಖಪುಟ ಬರೆಸುವ ಸಂದರ್ಭ ನಮ್ಮ ಪ್ರಕಾಶಕರಿಗೆ ಎಷ್ಟು ಸಲ ಬಂದೀತು?

ಹೊರಡುವ ಹಿಂದಿನ ದಿನ ಅಕ್ಕನ ಮಗಳು ಬ್ಯಾಗಿನ ತಳದಿಂದ ಒಂದು ಪುಸ್ತಕ ತೆಗೆದು ನನ್ನ ಮಗಳಿಗೆ ಕೊಟ್ಟಳು. ಸಂಧ್ಯಾ ಮೆನನ್‌ರ 'ವೆನ್ ಡಿಂಪಲ್ ಮೆಟ್ ರಿಷಿ', ಅಮೆರಿಕದಲ್ಲಿ 2017ರಲ್ಲಿ ಬಂದದ್ದು. ಕಿತ್ತಳೆ ಬಣ್ಣದ ಹಿನ್ನೆಲೆ. ಕಪ್ಪು ಕೂದಲಿನ, ನಮ್ಮ ಕಡೆಯದೇ ಮುಖದ ಹುಡುಗಿಯೊಬ್ಬಳು ಬಾಯ್ತುಂಬ ನಗುತ್ತಿದ್ದಾಳೆ. ಕೈಯಲ್ಲಿ ಮದರಂಗಿ, ಬೆರಳ ನಡುವೆ ಐಸ್ ಹಾಕಿದ ಕಾಫಿ. ಕತೆಯಲ್ಲಿ ಆ ಕಾಫಿಯನ್ನು ಅವಳು ಹುಡುಗನ ಮೇಲೆ ಎರಚುತ್ತಾಳೆ. ಮನೆಯವರು ಗೊತ್ತು ಮಾಡಿದ ಆ ಹುಡುಗ ಮೊದಲ ಭೇಟಿಯಲ್ಲೇ 'ಭಾವಿ ಪತ್ನಿ' ಅಂತ ಕರೆದುಬಿಡುತ್ತಾನೆ. ನನ್ನ ಪ್ರಾಮಾಣಿಕ ಅಭಿಪ್ರಾಯ ಕೇಳಿದರೆ, ವಿನ್ಯಾಸವಾಗಿ ಅದು ತುಂಬ ಸಾಧಾರಣ. ಜಾಹೀರಾತಿನ ನಗು, ಜಾಹೀರಾತಿನ ಬಣ್ಣ, ಮದರಂಗಿ ಸ್ವಲ್ಪ ಹೆಚ್ಚೇ ಆಯಿತು. ಹಕ್ಕಿಯ ಬಿಲ್ಲೆಯ ಪಕ್ಕ ಇಟ್ಟರೆ ನಿಲ್ಲುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಮಗಳು ಅದನ್ನು ಕಪಾಟಿನಲ್ಲಿ ಬೆನ್ನು ಕಾಣುವಂತೆಯೂ ಇಡಲಿಲ್ಲ, ಅಂಚು ಕಾಣುವಂತೆಯೂ ಇಡಲಿಲ್ಲ. ಫೋಟೊ ಇಡುವ ಹಾಗೆ ಮುಖ ಎದುರಿಗೆ ಮಾಡಿ ನಿಲ್ಲಿಸಿದಳು.

ಡಿಸೆಂಬರಿನಲ್ಲಿ ನಾವು ಶಿವಮೊಗ್ಗಕ್ಕೆ ಹೋದಾಗ ಆ ಪುಸ್ತಕವೂ ಬಂದಿತ್ತು. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಜಗುಲಿಯಲ್ಲಿ ಹುರುಳಿಕಾಯಿ ಸೋಸುತ್ತಾ ಕೂತವಳು ಪಕ್ಕದಲ್ಲಿ ಬಿದ್ದಿದ್ದ ಪುಸ್ತಕವನ್ನು ಎತ್ತಿಕೊಂಡು, ಕನ್ನಡಕ ಹಣೆಗೇರಿಸಿ, ಹತ್ತಿರ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಮೊಮ್ಮಗಳನ್ನು ಕೂಗಿ ಕೇಳಿದಳು:

"ಯಾರ ಪೈಕಿ ಇವಳು? ನಮ್ ಸಾಗರದ ಕಡೆಯವರ ಹಂಗೆ ಕಾಣ್ತಾಳೆ."

ಮಗಳು ನಗುತ್ತಾ ಅಜ್ಜಿಯ ಪಕ್ಕ ಕೂತು ಕತೆ ಹೇಳಲು ಶುರುಮಾಡಿದಳು, ಅರ್ಧ ಕನ್ನಡ, ಕಾಲು ಇಂಗ್ಲಿಷ್, ಸಿಕ್ಕಿಹಾಕಿಕೊಂಡಲ್ಲಿ ಜರ್ಮನ್. ಕಾಫಿ ಎರಚುವ ಜಾಗಕ್ಕೆ ಬರುವಷ್ಟರಲ್ಲಿ ಅಮ್ಮ ತಡೆದಳು. "ಇರು ಇರು. ಕಾಫಿಗೆ ಐಸ್ ಹಾಕಿದ್ದು ಯಾಕೆ ಅಂತ ಮೊದ್ಲು ಹೇಳು."